ಸಿಗರೇಟು: ಇಲ್ಲ

ಇಸ್ಸಿ! ನೋಡ್ಬೇಡ ಅಂದ್ರೆ ಮೊದಲು ಅದನ್ನೇ ನೋಡ್ತಿ ನೀನು. ಆಚೆ ತಿರುಗು... ಅಯ್ಯೋ, ಪೂರ್ತಿ ತಿರುಗ್ಬೇಡ ಮಾರಾಯ, ಪಕ್ಕೆಯ ಟ್ಯೂಬು ಎಳೀತದೆ! ಹಾಂ, ಹಾಗೆ. ಕುತ್ತಿಗೆ ಮಾತ್ರ. ಕಿಟಕಿ ನೋಡು, ಮೆಟ್ರೋ ಹೋಗ್ತಾ ಉಂಟು, ಅದನ್ನು ನೋಡು. ಬಾಟಲಿ ನೋಡ್ಲಿಕ್ಕೆ ನಾನಿದ್ದೇನೆ. ರೋಗಿಯ ಜೊತೆಗೆ ಇರುವ ಬೈಸ್ಟ್ಯಾಂಡರ್ ಅಂತ ಕುತ್ತಿಗೆಗೆ ಪಾಸು ಕಟ್ಟಿ ಕೂರಿಸಿದ್ದಾರಲ್ಲ ನನ್ನನ್ನು.

ಒಂದೂಕಾಲು ಲೀಟರು, ಸುದ್ದು. ನಿನ್ನೆ ಸಂಜೆಯಿಂದ ಈ ಹೊತ್ತಿನವರೆಗೆ. ಸಿಸ್ಟರ್ ಬಾಟಲಿಗೆ ಗೀಟು ಹಾಕಿ ಗಂಟೆ ಬರೆದು ಹೋಗಿದ್ದಾಳೆ. ಒಬ್ಬ ಮನುಷ್ಯನ ಎದೆಯಲ್ಲಿ ಅಷ್ಟು ನೀರು! ಮತ್ತೆ ಅದರ ಬಣ್ಣ... ಛೀ. ಕೆಳಗೆ ಕ್ಯಾಂಟೀನಿನಲ್ಲಿ ಆ ಪದಿಮುಗಂ ಚೆಕ್ಕೆ ಹಾಕಿ ಕುದಿಸಿದ ನೀರು ಕೊಡ್ತಾರಲ್ಲ, ತೆಳು ಕೆಂಪಿನದ್ದು? ಮೂವತ್ತೈದು ವರ್ಷ ಕುಡಿದ ನೀರು ಅದು. ಇವತ್ತು ಮಧ್ಯಾಹ್ನ ಊಟಕ್ಕೆ ಕೂತು ಲೋಟ ಎತ್ತಿದೆ ನೋಡು, ಸಮಾ ಅದೇ ಬಣ್ಣ. ಅನ್ನ ಬಿಟ್ಟು ಎದ್ದು ಬಂದೆ.

ಮಾಸ್ಕಿಗೆ ಕೈ ಹಾಕ್ಬೇಡ. ಮಾತಾಡ್ಲೇಬಾರ್ದು ಅಂತ ಜಾಯ್ಸ್ ಡಾಕ್ಟರು ಹೇಳಿದ್ದಾರೆ, ಹೌದಾದ್ರೆ ತಲೆ ಆಡಿಸು, ಅಷ್ಟೇ. ಒಳ್ಳೇದಾಯ್ತು. ಕೋರ್ಟಿನಲ್ಲಿ ಮೂವತ್ತು ವರ್ಷ ವಾದ ಮಾಡಿದ್ದಿ, ಇವತ್ತು ಒಂದು ದಿನ ಅಕ್ಕ ಹೇಳಿದ್ದು ಕೇಳು.

ಈಗ ಮೂರೂ ಹತ್ತು. ನಾಲ್ಕಕ್ಕೆ ಜಾಯ್ಸ್ ಡಾಕ್ಟರು ಬರ್ತಾರೆ. ಅನನ್ಯನೂ ಬರ್ತಾಳೆ, ಇಲ್ಲೇ ಕಾಕ್ಕನಾಡಿನ ಆಫೀಸಿನಿಂದ ಅರ್ಧ ದಿನ ರಜೆ ಹಾಕಿದ್ದಾಳೆ ನಿನ್ನ ಮಗಳು. ಬಂದು ನಿನ್ನ ಹತ್ರ ಒಂದೇ ಒಂದು ಪ್ರಶ್ನೆ ಕೇಳ್ತಾರೆ. ತಿರುವನಂತಪುರದ ಆಸ್ಪತ್ರೆಯ ಕೇಸ್ ಶೀಟಿನಲ್ಲಿ 'ಸಿಗರೇಟು: ಇಲ್ಲ' ಅಂತ ಬರೆದದ್ದು ಯಾರ ಬಾಯಿಮಾತು ಕೇಳಿ? ಅಷ್ಟೇ ಪ್ರಶ್ನೆ. ನೀನು ಮಾತಾಡೋದು ಬೇಡ, ಎದೆ ಮುಟ್ಟಿ ತೋರಿಸು, ಸಾಕು. ನಾನೇ ಹೇಳಿದ್ದು, ಎಲ್ಲರಿಂದ ಮುಚ್ಚಿಟ್ಟಿದ್ದೆ, ಅಕ್ಕನಿಗೆ ಗೊತ್ತೇ ಇರ್ಲಿಲ್ಲ ಅಂತ... ಎಂತ? ಯಾಕೆ ನಗುದು ಈಗ?

ನಗ್ಬೇಡ! ನಗಾಡಿದ್ರೆ ಕೆಮ್ಮು ಬರ್ತದೆ, ಕೆಮ್ಮಿದ್ರೆ ಬಾಟಲಿಯಲ್ಲಿ ಆ ನೀರು ಗುಳುಗುಳು ಅಂತದೆ, ನಂಗೆ ಅದು ನೋಡ್ಲಿಕ್ಕಾಗುದಿಲ್ಲ. ಇಗೋ ಬಂತು. ಉಗಿ, ಈ ಬಟ್ಟಲಿಗೆ ಉಗಿ. ಥೂ ಥೂ ಥೂ... ಇಷ್ಟು ದಪ್ಪ! ಗೋಂದು ಇದ್ದ ಹಾಗೆ ಉಂಟಲ್ಲ ಮಾರಾಯ. ಇದನ್ನೆಲ್ಲ ಒಳಗೆ ಇಟ್ಟುಕೊಂಡು ನೀನು ನನ್ನ ಮನೆಯಲ್ಲಿ ಎಂಟು ವರ್ಷ ಉಂಡದ್ದು, ಮಲಗಿದ್ದು, ದೇವರ ಕೋಣೆಯ ದೀಪದ ಬತ್ತಿ ಹೊಸೆದದ್ದು. ನೆನೆಸಿದ್ರೆ ಮೈ ಜುಂ ಅಂತದೆ. ಬಾಯಿ ಒರೆಸ್ತೇನೆ, ಹಿಡಿ. ಆಯ್ತು.

ನೋಡು, ನಂಗೆ ಗೊತ್ತಿತ್ತು ಅಂತ ಅನನ್ಯನ ತಲೆಗೆ ಹೋಗಿದೆ. ನಿನ್ನೆ ಕಾರಿಡಾರಿನಲ್ಲಿ ನಿಂತು ಕೇಳಿದಳು. ನಾನು ಕನ್ನಡದಲ್ಲಿ ಮಾತಾಡಿದ್ರೆ ಅವಳದ್ದು ಮಲಯಾಳದಲ್ಲಿ ಉತ್ತರ, ಅದು ಯಾವಾಗ್ಲೂ ಹಾಗೇ. ಆದ್ರೆ ನಿನ್ನೆ ಕನ್ನಡದಲ್ಲೇ ಕೇಳಿದಳು ಸುದ್ದು. "ಅತ್ತೆ, ನಿಮಗೆ ಗೊತ್ತಿತ್ತಾ?" ಒಂದೊಂದೇ ಅಕ್ಷರ ಬಿಡಿಸಿ. ನಾನು ಇಲ್ಲ ಅಂದೆ. ದೇವರಾಣೆ ಇಲ್ಲ ಅಂದೆ. ಅವಳ ಅಮ್ಮ ವಿಜೇತಾ ಹೋದ ಮೇಲೆ ಆ ಹುಡುಗಿಯ ತಲೆ ಬಾಚಿದ್ದು ನಾನು, ಪರೀಕ್ಷೆಗೆ ಬೆಳಗ್ಗೆ ಎಬ್ಬಿಸಿದ್ದು ನಾನು. ಗಂಡ ಮಕ್ಕಳು ಅಂತ ನಂಗೆ ಬೇರೆ ಯಾರಿದ್ದಾರೆ? ಅವಳು ನಂಬಬೇಕು. ನಂಬದಿದ್ರೆ ನಾನು ತಿರುವನಂತಪುರಕ್ಕೆ, ಶ್ರೀಕಾರ್ಯಂನ ಆ ಮನೆಗೆ ಹೋಗಿ ಒಬ್ಬಳೇ ಎಂತ ಮಾಡುದು?

ಮತ್ತೆ ನಂಗೆ ಹೇಗೆ ಗೊತ್ತಿರ್ಬೇಕು, ನೀನೇ ಹೇಳು. ನೀನು ಕೋರ್ಟಿನಿಂದ ಬಂದಾಗ ಅಂಗಿ ನಾರುತ್ತಿತ್ತು, ಹೌದು. ಕೇಳಿದ್ರೆ ವಿಳಿಂಜಂನ ಕಕ್ಷಿದಾರರು ಅಂತಿದ್ದೆ. ಪಾಪ, ಆ ಬಂದರಿನ ಜನ, ಬೋಟಿನವರು, ಬೀಡಿ ಎಳೀತಾರೆ ಅಕ್ಕ, ಆಫೀಸಿಡೀ ಹೊಗೆ ಅಂತಿದ್ದೆ. ಅವರ ಮೇಲೆ ಹಾಕಿದ್ದಿ ಎಲ್ಲಾ! ನಾನು ನಂಬಿದೆ. ಅಂಗಿಗಳನ್ನು ಬೇರೆ ಬಕೆಟಿನಲ್ಲಿ ನೆನೆ ಹಾಕ್ತಿದ್ದೆ, ನನ್ನ ಸೀರೆಗೆ ತಾಗದ ಹಾಗೆ. ಚಾಲೈ ಮಾರ್ಕೆಟಿಗೆ ಹೋದಾಗೆಲ್ಲ ಒಂದು ಪೊಟ್ಟಣ ಲವಂಗ ತಂದು ನಿನ್ನ ಮೇಜಿನ ಮೇಲೆ ಇಡ್ತಿದ್ದೆ. ಗಂಟಲು ಕೆರೀತದೆ ಅಂತಿದ್ದೆಯಲ್ಲ, ಅದಕ್ಕೆ.

ಎಂತ ಹಾಗೆ ನೋಡುದು? ಲವಂಗ ಕೊಟ್ರೆ ಗೊತ್ತಿತ್ತು ಅಂತ ಅರ್ಥವಾ? ವಕೀಲನ ಬುದ್ಧಿ ಬಿಡು.

ನಿನ್ನ ಬೆರಳು ನೋಡು, ಈಗಲೂ ಹಳದಿ. ನಾಲ್ಕು ದಿನದಿಂದ ನಾನು ಸಾಬೂನು ಹಾಕಿ ಉಜ್ಜುತ್ತಾ ಇದ್ದೇನೆ. ಹೋಗುದೇ ಇಲ್ಲ. ಚರ್ಮದ ಮೇಲೆ ಹೀಗಾದ್ರೆ ಒಳಗೆ ಹೇಗಿರ್ಬೇಡ! ಅಲ್ಲ, ನಿನ್ನಂಥ ಓದಿದವನಿಗೆ ಹೇಸಿಗೆ ಆಗ್ಲಿಲ್ವಾ? ಒಂದು ದಿನವೂ? ಬಾಯಿ ಸೆಪ್ಟಿಕ್ ಟ್ಯಾಂಕಿನ ಹಾಗೆ ನಾರುವಾಗ? ಅದೂ ಆ ಪುಸ್ತಕ ಬಂದ ಮೇಲೆ! ಕಾಸರಗೋಡಿನ ಕನ್ನಡ ಶಾಲೆಗಳಿಗೆ ಅಂತ ನಾನು ಅನುವಾದ ಮಾಡಿದ ಪುಸ್ತಕ, ರತ್ನಾಕರನ್ ಡಾಕ್ಟರು ಬರೆದದ್ದು, 'ಹೊಗೆ ಮತ್ತು ಶ್ವಾಸಕೋಶ'. ಸೆಕ್ರೆಟೇರಿಯಟ್ಟಿನಲ್ಲಿ ನನ್ನ ಕುರ್ಚಿಗೆ ಬಂದ ಕಡೇ ಕೆಲಸ, ಆಮೇಲೆ ರಿಟೈರ್ ಆದೆ. ನಲವತ್ತು ಪುಟ. ಅದನ್ನು ಮಾಡುವಾಗ ಎರಡು ವಾರ ನಂಗೆ ಅನ್ನ ಸೇರ್ಲಿಲ್ಲ, ಗೊತ್ತುಂಟಾ?

ಈಗಲೂ ಬಾಯಿಪಾಠ ಉಂಟು ನಂಗೆ. ಶ್ವಾಸಕೋಶದ ಕೆಲಸ ಅರ್ಧ ಗಾಳಿಯದ್ದು, ಅರ್ಧ ನೀರಿನದ್ದು. ಒಳಗೆ ಕೋಟಿಗಟ್ಟಲೆ ಸಣ್ಣ ಸಣ್ಣ ಚೀಲ. ಅದರ ಗೋಡೆ ಒದ್ದೆ ಇರ್ಬೇಕು, ಆದ್ರೆ ನೀರು ನಿಲ್ಲಬಾರ್ದು. ಒಣಗಿದ್ರೂ ಕಷ್ಟ, ತುಂಬಿದ್ರೂ ಕಷ್ಟ. ಜಾಸ್ತಿಯಾದ ನೀರನ್ನು ಆ ಗೋಡೆಯೇ ಎಳೆದು ರಕ್ತಕ್ಕೆ ವಾಪಸು ಕಳಿಸ್ತದೆ. ಕುಟ್ಟನಾಡಿನ ಗದ್ದೆ ನೋಡಿದ್ದಿಯಲ್ಲ, ಹೊಳೆಯ ಮಟ್ಟಕ್ಕಿಂತ ಕೆಳಗೆ? ಪಂಪು ಹಗಲೂ ರಾತ್ರಿ ನೀರು ಎತ್ತಿ ಹಾಕ್ಬೇಕು, ಇಲ್ಲದಿದ್ರೆ ಬೆಳೆ ಮುಳುಗ್ತದೆ. ಹಾಗೆ. ಸಿಗರೇಟಿನ ಹೊಗೆ ಏನು ಮಾಡ್ತದೆ? ಮೇಲಿನ ನಳಿಕೆಗಳಲ್ಲಿ ನೀರು ಒಣಗಿಸ್ತದೆ. ಕಫ ಅಂಟಾಗಿ ಅಲ್ಲೇ ಕೂರ್ತದೆ, ಈ ಬಟ್ಟಲಲ್ಲಿ ಉಂಟಲ್ಲ, ಇದೇ. ಕೆಳಗೆ ಚೀಲಗಳಲ್ಲಿ ಗೋಡೆಯನ್ನು ತೂತು ಮಾಡ್ತದೆ, ಪಂಪನ್ನೂ ಕೆಡಿಸ್ತದೆ. ಬೇಕಾದಲ್ಲಿ ನೀರಿಲ್ಲ, ಬೇಡದಲ್ಲಿ ನೀರು. ಕನ್ನಡದಲ್ಲಿ ಅದನ್ನು ಬರೆದದ್ದು ಯಾರು? ನಾನು!

ನೀನೂ ಇದ್ದೆಯಲ್ಲ, ಪ್ರೂಫ್ ನೋಡುವಾಗ. ಊಟದ ಮೇಜಿನ ಎದುರು ಕೂತು. ಡಾಕ್ಟರ ಶಬ್ದಕ್ಕೆ ನಾನು ಸಂಸ್ಕೃತದಲ್ಲಿ ಎಂತದೋ ಉದ್ದ ಶಬ್ದ ಹಾಕಿದ್ರೆ, "ಬೇಡ ಅಕ್ಕ, ಗಾಳಿಚೀಲ ಅಂತ ಹಾಕು, ಮಕ್ಕಳಿಗೆ ತಿಳೀತದೆ" ಅಂದದ್ದು ನೀನೇ. ಕಿವಿಯ ಮೇಲೆ ಸಿಗರೇಟು ಸಿಕ್ಕಿಸಿಕೊಂಡು...

ಪೆನ್ಸಿಲು. ಪೆನ್ಸಿಲು ಅಂದೆ. ಕಿವಿಯ ಮೇಲೆ ಪೆನ್ಸಿಲು ಇತ್ತು ನಿಂಗೆ, ಪ್ರೂಫ್ ನೋಡುವಾಗ ಪೆನ್ಸಿಲು ಬೇಕಲ್ಲ? ಬಾಯಿ ತಪ್ಪಿ ಬಂತು. ಇಡೀ ದಿನ ಅದೇ ಶಬ್ದ ಕೇಳಿ ಕೇಳಿ ಮಂಡೆ ಕೆಟ್ಟಿದೆ.

ತಲೆ ಆ ಕಡೆ ಈ ಕಡೆ ಆಡಿಸ್ಬೇಡ, ಮಾಸ್ಕು ಜಾರ್ತದೆ.

ಆಯ್ತು ಮಾರಾಯ. ಆಯ್ತು! ಅನುಮಾನ ಇತ್ತು, ಅಷ್ಟೇ. ಅನುಮಾನ ಬೇರೆ, ಗೊತ್ತಿರುದು ಬೇರೆ. ನಿನ್ನ ಕೋರ್ಟಿನಲ್ಲಿ ಅದಕ್ಕೆ ವ್ಯತ್ಯಾಸ ಇಲ್ವಾ? ತಾರಸಿಯ ನೀರು ಇಳೀದೆ ಹೋದಾಗ ಅನುಮಾನ ಬಂತು, ಹೋದ ವರ್ಷ. ಪ್ಲಂಬರ್ ವೀರಭದ್ರ ಬಂದು ಪೈಪಿಗೆ ಸರಿಗೆ ಹಾಕಿ ಎಳೆದನಲ್ಲ. ಅಬ್ಬಬ್ಬಾ! ಹಿಡಿ ಹಿಡಿ ಸಿಗರೇಟಿನ ಮೋಟುಗಳು! ನೆನೆದು ಉಬ್ಬಿ, ಒಂದಕ್ಕೊಂದು ಅಂಟಿ, ಸತ್ತ ಹೆಗ್ಗಣದ ಹಾಗೆ ಒಂದು ಮುದ್ದೆ. ಅದರ ಹಿಂದೆಯೇ ಕಪ್ಪು ನೀರು, ಗಬ್ಬು ನಾತ, ಅಂಗಳ ತುಂಬಾ. ನನ್ನ ಕಾಲಿಗೆಲ್ಲ ಹಾರಿತು. ಮೂರು ಸಲ ಸ್ನಾನ ಮಾಡಿದೆ ಅವತ್ತು. ವೀರಭದ್ರ ಅದನ್ನು ಅಂಗೈಯಲ್ಲಿ ಹಿಡಿದು ನನ್ನ ಮುಖ ನೋಡಿದ. ಪೈಂಟಿನವರದ್ದು, ಅಂದೆ. ಮನೆಗೆ ಪೈಂಟು ಹೊಡೆಸಿ ಆರು ವರ್ಷ ಆಗಿತ್ತು. ಅವನಿಗೂ ಗೊತ್ತು, ಅವನೇ ತಾನೆ ಪೈಂಟಿನವರನ್ನು ಕರೆದುಕೊಂಡು ಬಂದದ್ದು.

ಮತ್ತೆ ನಿಂಗೆ ಯಾಕೆ ಹೇಳ್ಲಿಲ್ಲ ಅಂತ ಕೇಳ್ತಿಯಾ? ಹೇಗೆ ಹೇಳುದು? ಹೇಳಿದ್ರೆ ಗೊತ್ತಾಯ್ತು ಅಂತ ಆಗ್ತದಲ್ಲ. ಗೊತ್ತಾದ ಮೇಲೆ ನಾನು ಸುಮ್ಮನೆ ಇರ್ಬಾರ್ದಲ್ಲ. ತಂಬಾಕು ವಿರೋಧಿ ಸಮಿತಿಯ ರಾಜೀವಿ ಮೇಡಂ! ಹನ್ನೊಂದು ವರ್ಷ ಆಫೀಸಿನ ಮೆಟ್ಟಿಲ ಕೆಳಗೆ ಸಿಗರೇಟು ಎಳೆಯುವವರನ್ನು ಹಿಡಿದು ಹಿಡಿದು ಬೈದವಳು. ಅಟೆಂಡರುಗಳು ನನ್ನ ಚಪ್ಪಲಿ ಶಬ್ದಕ್ಕೆ ಬೆಂಕಿ ಆರಿಸ್ತಿದ್ರು. ಪ್ರತಿ ಮೇ ಮೂವತ್ತೊಂದಕ್ಕೆ ಮೂರು ಭಾಷೆಯಲ್ಲಿ ಪ್ರತಿಜ್ಞೆ ಓದಿಸುದು ನಾನೇ. ಈ ವರ್ಷವೂ ಕರೆದಿದ್ರಲ್ಲ, ರಿಟೈರ್ ಆದ್ರೂ. ರತ್ನಾಕರನ್ ಡಾಕ್ಟರು ಪಕ್ಕದಲ್ಲಿ. ಅವರು ಮೈಕಿನಲ್ಲೇ ಹೇಳಿದ್ರು, ರಾಜೀವಿ ಮೇಡಂ ಅವರ ಮನೆಯೇ ಒಂದು ಮಾದರಿ ಅಂತ. ಚಪ್ಪಾಳೆ ಹೊಡೆದ್ರು. ನಾನು ಕೈ ಮುಗಿದೆ. ನನ್ನ ಸೀರೆಯ ಸೆರಗಿನಿಂದ ನಿನ್ನ ಸಿಗರೇಟಿನ ವಾಸನೆ ಬರ್ತಾ ಇತ್ತು, ಸುದ್ದು. ಅವರಿಗೆ ತಾಗುತ್ತೋ ಅಂತ ಕುರ್ಚಿ ಆಚೆ ಎಳೆದು ಕೂತೆ.

ಅದಾಗಿ ಎರಡೇ ದಿನ. ಜೂನ್ ಎರಡು. ನೀನು ಮೆಟ್ಟಿಲಲ್ಲಿ ಕೂತು, ಉಸಿರು ಸಿಗುದಿಲ್ಲ ಅಕ್ಕ ಅಂದದ್ದು.

ಕಣ್ಣು ಮುಚ್ಬೇಡ. ಇನ್ನೂ ಅರ್ಧ ಗಂಟೆ ಉಂಟು.

ತಿರುವನಂತಪುರದ ಆಸ್ಪತ್ರೆಯ ಕ್ಯಾಶುವಾಲಿಟಿಗೆ ಅವರೇ ಓಡಿ ಬಂದ್ರಲ್ಲ, ರತ್ನಾಕರನ್ ಡಾಕ್ಟರು. ಅಷ್ಟು ದೊಡ್ಡ ಮನುಷ್ಯ, ನನ್ನ ಹೆಸರು ಕೇಳಿ. ನಿಂಗೆ ಮಾತು ಬರ್ತಿರ್ಲಿಲ್ಲ, ಬಾಯಿ ಮಾತ್ರ ತೆರೆದು ಮುಚ್ಚಿ. ಹಾಗಾಗಿ ಎಲ್ಲದಕ್ಕೂ ನಾನೇ ಉತ್ತರ. ಹೆಸರು ಸುದರ್ಶನ. ವಯಸ್ಸು ಐವತ್ತನಾಲ್ಕು. ಬಿಪಿ ಇಲ್ಲ. ಶುಗರ್ ಇಲ್ಲ. ಆಮೇಲೆ ಅವರು ನಗಾಡಿಕೊಂಡು ಅಂದ್ರು, "ನಿಮ್ಮ ಮನೆಯವರ ಹತ್ರ ಇದನ್ನು ಕೇಳ್ಬಾರ್ದು ಮೇಡಂ, ಆದ್ರೆ ಕಾಲಂ ಉಂಟಲ್ಲ. ಸಿಗರೇಟು?"

ಹೌದು. ನಾನು ಹೇಳಿದ್ದು. ಇಲ್ಲ ಅಂತ ನಾನು ಹೇಳಿದ್ದು! ನಿಂಗೆ ಗೊತ್ತೇ ಉಂಟಲ್ಲ, ನನ್ನ ಬಾಯಿಯಿಂದಲೇ ಕೇಳ್ಬೇಕಿತ್ತಾ? ಕೇಳು, ತೃಪ್ತಿ ಆಗ್ಲಿ. ಒಂದು ಶಬ್ದ. ಮುನ್ನೂರು ಕಾಲಮ್ಮಿನಲ್ಲಿ ಬರೆದಿದ್ದೇನೆ ನಾನು ಆ ಶಬ್ದ, ಸರ್ವೀಸಿನಲ್ಲಿ. ಕಾಲಂ ಖಾಲಿ ಬಿಡ್ಬಾರ್ದು, ಇಲ್ಲ ಅಂತ ಬರೆದ್ರೆ ಫೈಲು ಮುಂದೆ ಹೋಗ್ತದೆ. ಹೋಯ್ತು. ಎದೆಯಿಂದ ನೀರು ತೆಗೆದ್ರು, ಪರೀಕ್ಷೆ ಮಾಡಿದ್ರು. ಸಿಗರೇಟು ಎಳೆಯದವನ ಎದೆಯಲ್ಲಿ ಇಂಥ ನೀರು ಅಂದ್ರೆ ಹೆಚ್ಚಾಗಿ ಟಿಬಿ ಮೇಡಂ ಅಂದ್ರು. ಟಿಬಿ ಮಾತ್ರೆ ಶುರು ಮಾಡಿದ್ರು. ಅವರ ತಪ್ಪು ಇಲ್ಲ. ನಾನು ಕೊಟ್ಟ ಉತ್ತರಕ್ಕೆ ಸರಿಯಾದ ಮದ್ದು ಕೊಟ್ರು ಅವರು.

ಹತ್ತು ವಾರ ಸುದ್ದು. ಹತ್ತು ವಾರ ನಿಂಗೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಆ ಮಾತ್ರೆ ಎಣಿಸಿ ಎಣಿಸಿ ಕೊಟ್ಟದ್ದು ನಾನೇ. ಮೂತ್ರ ಕೆಂಪಾಯ್ತು, ಊಟ ಸೇರ್ಲಿಲ್ಲ, ಹನ್ನೊಂದು ಕಿಲೋ ಇಳಿದೆ. ಆ ಇಲ್ಲದ ಟಿಬಿಗೆ! ಅಷ್ಟರಲ್ಲಿ ಒಳಗೆ ಅದು ಬೆಳೀತಾ ಇತ್ತು. ಕಡೆಗೆ ಅನನ್ಯ ನಿನ್ನನ್ನು ಈ ಆಸ್ಪತ್ರೆಗೆ ಕರೆತಂದಳು, ಸಿಗರೇಟಿನ ಕಾಲಂ ಬಂದಾಗ ಇಲ್ಲಿ ನೀನೇ ಹೌದು ಅಂದೆ. ಮೊನ್ನೆ ಜಾಯ್ಸ್ ಡಾಕ್ಟರು ನೀರಿನಲ್ಲಿ ಕ್ಯಾನ್ಸರಿನ ಕಣ ಸಿಕ್ಕಿತು ಅಂತ ನಿನ್ನ ಎದುರಿಗೇ ಹೇಳಿದ್ರಲ್ಲ, ನೀನು ಮಿಸುಕಲಿಲ್ಲ. ನಾನು ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿದೆ. ನಿನ್ನ ಮೇಲೆ ಹೇಸಿಗೆ ಅಂತಲೇ ನೆನೆಸಿದ್ದೆ ಆಗ. ಈ ಬಾಟಲಿ, ಈ ಕಫ, ಆ ಮೋಟುಗಳು, ಎಲ್ಲ ನಿನ್ನದೇ ಹೇಸಿಗೆ ಅಂತ. ಕನ್ನಡಿ ನೋಡಿ ಮುಖ ತೊಳೆದೆ. ಹೊರಗೆ ಬಂದಾಗ ಡಾಕ್ಟರು ಅನನ್ಯನಿಗೆ ಹೇಳ್ತಾ ಇದ್ರು, ಇಪ್ಪತ್ತೆಂಟು ವರ್ಷ ಸಿಗರೇಟು ಎಳೆದವರು ಅಂತ ಜೂನಿನಲ್ಲೇ ಹೇಳಿದ್ರೆ ಅವತ್ತೇ ಸ್ಕ್ಯಾನ್ ಮಾಡ್ತಿದ್ರು, ಆಪರೇಷನ್ ಆಗ್ತಿತ್ತೋ ಇಲ್ವೋ, ಕೇಳ್ಲಿಕ್ಕಾದ್ರೂ ಆಗ್ತಿತ್ತು, ಈಗ ಕೇಳುವ ಹಾಗೂ ಇಲ್ಲ, ಅಂತ.

ಮತ್ತೆ ನೀನು? ನಿಂಗೆ ಬಾಯಿ ಇರ್ಲಿಲ್ವಾ? ನೀರು ತೆಗೆದ ಮೇಲೆ ಉಸಿರು ಬಂತು, ಮಾತು ಬಂತು. ನಾಲ್ಕು ಸಲ ಅದೇ ಡಾಕ್ಟರ ಎದುರು ಕೂತಿದ್ದಿ. ಹೇಳ್ಬಹುದಿತ್ತಲ್ಲ! ಎಂತಕ್ಕೆ ಹೇಳ್ಲಿಲ್ಲ?... ಆಟೋದಲ್ಲಿ ನಾನು ಹೇಳಿದ್ದಕ್ಕಾ? ಮೊದಲ ಸಲ ಡಿಸ್ಚಾರ್ಜ್ ಆಗಿ ಬರುವಾಗ ನಾನು ಎಂತದೋ ಹೇಳಿದೆನಲ್ಲ, ಇನ್ನು ಅದನ್ನೆಲ್ಲ ಎತ್ತಲಿಕ್ಕೆ ಹೋಗ್ಬೇಡ, ಆ ಡಾಕ್ಟರ ಎದುರು ನನ್ನ ಮಾನ ಉಂಟು ಅಂತ... ಅದಕ್ಕಾ? ಅಷ್ಟಕ್ಕಾ? ಅಕ್ಕ ಹೇಳಿದ್ಲು ಅಂತ ಸಾಯ್ಲಿಕ್ಕೂ ಕೂರ್ತಾರಾ ಯಾರಾದ್ರೂ? ಅಮ್ಮ ಹೋದಾಗ ನಿಂಗೆ ಏಳು ವರ್ಷ, ಆಗ ಊಟಕ್ಕೆ ಕೂರು ಅಂದ್ರೆ ಕೂರ್ತಿದ್ದೆ. ಈಗಲೂ ಹಾಗೇನಾ? ಪೆದ್ದ! ವಕೀಲನಂತೆ ವಕೀಲ!

ಅಳುದು ಯಾಕೆ? ನಾನು ಅಳ್ತಾ ಇಲ್ಲ. ನೀನು ಅಳ್ಬೇಡ, ಮೂಗು ಕಟ್ತದೆ.

ಕೇಳು. ಗಂಟೆ ಮೂರೂ ಐವತ್ತು. ಅನನ್ಯನಿಗೆ ಹೀಗೆ ಹೇಳುವ. ಅಕ್ಕ ಇಲ್ಲ ಅಂದದ್ದು ಹೌದು, ಆದ್ರೆ ಗೊತ್ತಿಲ್ಲದೆ ಹೇಳಿದ್ದು. ಅವತ್ತು ಮಾತು ಬಾರದೆ ಮಲಗಿದ್ದ ನೀನೂ ಸುಮ್ಮನಿದ್ದೆ. ಇಬ್ಬರದ್ದೂ ಅರ್ಧರ್ಧ. ಆಗ್ಬಹುದಾ? ಯಾಕಂದ್ರೆ ನೀನು ಸುಮ್ಮನೇ ಇದ್ದದ್ದಲ್ವಾ? ನೀನೂ ಅವತ್ತು ಎಂತ ಹೇಳ್ಲಿಲ್ಲ, ಅಲ್ವಾ?

ಕೈ... ಹೌದು, ಕೈ ಎತ್ತಿದ್ದೆ. ನಾನು ಇಲ್ಲ ಅಂದ ಕೂಡ್ಲೇ ನೀನು ಬಲಗೈ ಎತ್ತಿದೆ. ಎರಡು ಬೆರಳು ತುಟಿಗೆ ಮುಟ್ಟಿಸಿದೆ. ಒಂದು ಸಲ. ಇನ್ನೊಂದು ಸಲ. ಡಾಕ್ಟರು ಪೆನ್ನು ನಿಲ್ಲಿಸಿ, ಎಂತ ಹೇಳ್ತಾ ಇದ್ದಾರೆ ಮೇಡಂ ಅಂತ ಕೇಳಿದ್ರು. ನಾನು ಆ ಕೈಯನ್ನು ಹಿಡಿದು ಹಾಸಿಗೆಗೆ ಒತ್ತಿದೆ. ನೀರು ಕೇಳ್ತಿದ್ದಾನೆ ಅಂದೆ. ಪಾಪ, ಸಿಸ್ಟರನ್ನು ಓಡಿಸಿ ಲೋಟದಲ್ಲಿ ನೀರು ತರಿಸಿದ್ರು. ನಾನೇ ನಿನ್ನ ತಲೆ ಎತ್ತಿ ಕುಡಿಸಿದೆ. ಎರಡು ಗುಟುಕು. ನೀನು ಕುಡಿದೆಯಲ್ಲ! ನನ್ನ ಮುಖವನ್ನೇ ನೋಡ್ತಾ ನೋಡ್ತಾ ಕುಡಿದೆ. ಕುಡೀದಿದ್ರೆ ಅವರಿಗೆ ಗೊತ್ತಾಗ್ತಿತ್ತು.

ನೀರೇ ಕೇಳಿದ್ದು ಅಲ್ವಾ ನೀನು? ಜೂನಿನ ಸೆಕೆ, ಅಷ್ಟು ಕೆಮ್ಮಿದ್ದಿ, ಬಾಯಾರಿರ್ಬೇಕು. ತಲೆ ಆಡಿಸು. ಒಂದೇ ಸಲ. ಅವರು ಬರ್ಲಿಕ್ಕೆ ಮೊದಲು, ನಂಗೋಸ್ಕರ, ಒಂದೇ ಒಂದು ಸಲ... ಸುದ್ದು?... ನೋಡ್ತಾ ಇದ್ದಿಯಲ್ಲ, ಕೇಳ್ತದಲ್ಲ ನಾನು ಹೇಳಿದ್ದು?... ಇಲ್ಲಾಂತಾದ್ರೂ ಆಡಿಸು...

...

ನಿಂಗೆ ಬಾಯಾರಿರ್ಲಿಲ್ಲ. ನಂಗೆ ಅವತ್ತೇ ಗೊತ್ತಿತ್ತು.